ಲಿಲ್ಲಾರ್ಡ್ ಕೇಳಿದ ಊರಿಗೇ ಕಳಿಸಬೇಕಿತ್ತಾ?

ಹೋದ ಸಂಚಿಕೆಯಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರ ಡೇಮಿಯನ್ ಲಿಲ್ಲಾರ್ಡ್ ಬಗ್ಗೆ ನಾನು ಬರೆದದ್ದು ಒಂದೇ ಸಾಲು. 2023ರಲ್ಲಿ ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ತಂಡ ಅವರನ್ನು ಅವರೇ ಕೇಳಿದ ಮಯಾಮಿಗೆ ಕೊಡದೆ ಮಿಲ್ವಾಕಿಗೆ ಕೊಟ್ಟಿದ್ದು ಸರಿಯಾಗಿತ್ತು ಅಂತ. ಅದಕ್ಕೆ ಬಂದಷ್ಟು ಪತ್ರ ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಬೈದವರು ಜಾಸ್ತಿ, ಒಪ್ಪಿದವರು ಕಮ್ಮಿ. ಹಾಗಾಗಿ ಈ ಸಲ ಬೇರೆ ವಿಷಯ ಬೇಡ, ಎಲ್ಲ ಪ್ರಶ್ನೆಗಳೂ ಇದರದ್ದೇ.

ಪ್ರಶ್ನೆ: ನಾವು ಬೀವರ್ಟನ್‌ನಲ್ಲಿ ಹತ್ತು ವರ್ಷದಿಂದ ಇದ್ದೇವೆ. ಪೋರ್ಟ್‌ಲ್ಯಾಂಡ್‌ಗೆ ಕಾರಲ್ಲಿ ಅರ್ಧ ಗಂಟೆ. ಲಿಲ್ಲಾರ್ಡ್ ಅಂದ್ರೆ ಇಲ್ಲಿ ಬರೀ ಆಟಗಾರ ಅಲ್ಲ, ಮನೆಮಗ. ಹನ್ನೊಂದು ಸೀಸನ್ ದುಡಿದವನು ಒಂದೇ ಒಂದು ಊರು ಕೇಳಿದ. ಅದನ್ನೂ ಕೊಡಲಿಲ್ಲ ಅಂದ್ರೆ ಅದು ಕೃತಘ್ನತೆ ಅಲ್ವಾ? (ಓದುಗರು, ಒರೆಗಾನ್)

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. 2014ರಲ್ಲಿ ಹ್ಯೂಸ್ಟನ್ ವಿರುದ್ಧ 0.9 ಸೆಕೆಂಡ್ ಉಳಿದಿದ್ದಾಗ ಬಾಲ್ ಹಿಡಿದು ತ್ರೀ ಪಾಯಿಂಟರ್ ಹೊಡೆದು ಸರಣಿಯನ್ನೇ ಮುಗಿಸಿದವರು ಅವರು. 2019ರಲ್ಲಿ ಒಕ್ಲಹೋಮ ಸಿಟಿ ವಿರುದ್ಧ 37 ಅಡಿ ದೂರದಿಂದ ಎಸೆದು, ಬಝರ್ ಆದಮೇಲೆ ಎದುರಾಳಿ ಬೆಂಚಿನ ಕಡೆ ತಿರುಗಿ ಕೈ ಬೀಸಿ ಟಾಟಾ ಮಾಡಿದವರೂ ಅವರೇ. ಆವತ್ತು 50 ಪಾಯಿಂಟ್. ಮೈಸೂರಿನ ನಮ್ಮ ಮನೆಯಲ್ಲಿ ಕಾಫಿ ಆರಿ ಹೋಗಿತ್ತು, ಯಾರಿಗೂ ಕುಡಿಯುವ ಜ್ಞಾನ ಇರಲಿಲ್ಲ. 2023ರ ಫೆಬ್ರವರಿಯಲ್ಲಿ, ತಂಡ ಸೋಲುತ್ತಲೇ ಇದ್ದ ಕಾಲದಲ್ಲೂ, ಒಂದೇ ಆಟದಲ್ಲಿ 71 ಪಾಯಿಂಟ್ ಹೊಡೆದರು. ಇಂಥವರು ಒಂದು ಊರಿನ ಹೆಸರು ಹೇಳಿದರೆ ಹೂಂ ಅನ್ನಬೇಕು ಅನ್ನಿಸುವುದು ಸಹಜ.

ಆದರೆ ಒಂದು ವಿಷಯ ನೋಡಿ. ಲಿಲ್ಲಾರ್ಡ್ ಹೋಗುತ್ತಾರೆ, ಮಯಾಮಿಯಲ್ಲಿ ಆಡುತ್ತಾರೆ. ನೀವು ಎಲ್ಲಿ ಹೋಗುತ್ತೀರಿ? ನೀವು ಬೀವರ್ಟನ್‌ನಲ್ಲೇ ಇರುತ್ತೀರಿ, ಮುಂದಿನ ವರ್ಷವೂ ಅದೇ ಸ್ಟೇಡಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ. ಹೋಗುವವರ ಬಗ್ಗೆ ಗೌರವ ಇರಬೇಕು, ಉಳಿಯುವವರ ಬಗ್ಗೆ ಜವಾಬ್ದಾರಿ ಇರಬೇಕು. ತಂಡದ ಜನರಲ್ ಮ್ಯಾನೇಜರ್ ಜೋ ಕ್ರೋನಿನ್ ಸಂಬಳ ತಗೊಳ್ಳುವುದು ಆ ಎರಡನೆಯದಕ್ಕೆ. ಅವರು ಲಿಲ್ಲಾರ್ಡ್ ಅವರನ್ನು ಯಾವುದೋ ಪಾಳು ತಂಡಕ್ಕೇನೂ ಎಸೆಯಲಿಲ್ಲ. ಮಿಲ್ವಾಕಿಯ ದೊಡ್ಡ ತಾರೆ ಯಾನಿಸ್ ಆಂಟೆಟೊಕೌಂಪೊ ಪಕ್ಕದಲ್ಲಿ ಆಡಲು ಕಳಿಸಿದರು. 2021ರಲ್ಲಿ ಚಾಂಪಿಯನ್ ಆಗಿದ್ದ ತಂಡ ಅದು. ಅದನ್ನು ಕೃತಘ್ನತೆ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಮಯಾಮಿ ಕೊಡಲು ಬಂದಿದ್ದು ಅಷ್ಟೊಂದು ಕಳಪೆ ಆಗಿತ್ತಾ? ಅವರ ಟೈಲರ್ ಹೀರೋ ಒಳ್ಳೆ ಆಟಗಾರ. ಜೊತೆಗೆ ಡ್ರಾಫ್ಟ್ ಪಿಕ್‌ಗಳು, ಅಂದ್ರೆ ಹೊಸ ಹುಡುಗರನ್ನು ಆರಿಸುವ ಸರದಿಗಳು. ಪೋರ್ಟ್‌ಲ್ಯಾಂಡ್ ಸುಮ್ನೆ ಹಟ ಮಾಡಿತು ಅಂತ ನನ್ನ ವಾದ. (ಓದುಗರು, ಶಿವಮೊಗ್ಗ)

ಉತ್ತರ: ಹೀರೋ ಒಳ್ಳೆ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. 2022ರಲ್ಲಿ ಬೆಂಚಿನಿಂದ ಬಂದು ಆಡುವವರಲ್ಲಿ ಶ್ರೇಷ್ಠ ಅಂತ ಪ್ರಶಸ್ತಿ ತಗೊಂಡವರು. ಆದರೆ ಪೋರ್ಟ್‌ಲ್ಯಾಂಡ್ ಮನೆ ತುಂಬ ಗಾರ್ಡ್‌ಗಳೇ (ಬಾಲ್ ನಡೆಸಿ ಆಟ ಕಟ್ಟುವವರು) ಇದ್ದರು. ಆನ್ಫರ್ನಿ ಸೈಮನ್ಸ್ ಇದ್ದರು. 2023ರ ಡ್ರಾಫ್ಟ್‌ನಲ್ಲಿ ಮೂರನೇ ಪಿಕ್‌ನಿಂದ ಸ್ಕೂಟ್ ಹೆಂಡರ್ಸನ್ ಅನ್ನುವ ಹತ್ತೊಂಬತ್ತರ ಹುಡುಗನನ್ನು ಆರಿಸಿದ್ದರು, ಅವನೂ ಗಾರ್ಡ್. ಲಿಲ್ಲಾರ್ಡ್‌ಗೆ ಬೇಸರ ಆಗಿದ್ದೇ ಅಲ್ಲಿ. ಆ ಪಿಕ್ ಮಾರಿ ಈಗಲೇ ಗೆಲ್ಲಿಸುವ ಅನುಭವಿಯನ್ನು ತರುತ್ತಾರೆ ಅಂತ ಅವರು ಕಾಯುತ್ತಿದ್ದರು, ತಂಡ ಎಳೆ ಹುಡುಗನನ್ನು ತಂದಿತು. ಇಂಥ ತಂಡಕ್ಕೆ ಇನ್ನೊಬ್ಬ ಗಾರ್ಡ್ ಕೊಟ್ಟರೆ ಏನು ಉಪಯೋಗ? ಅದೂ ಒಂದು ನೂರಿಪ್ಪತ್ತು ಮಿಲಿಯನ್ ಡಾಲರ್‌ಗೂ ಮೀರಬಹುದಾದ ನಾಲ್ಕು ವರ್ಷದ ಕರಾರಿನ ಜೊತೆ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಮ್ಮ ಕಡೆ ದನದ ಜಾತ್ರೆಯಲ್ಲಿ ವ್ಯಾಪಾರ ನೋಡಿದ್ದೀರಲ್ಲ? ಕೈ ಮೇಲೆ ಟವೆಲ್ ಹಾಕಿಕೊಂಡು, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಯಾರು ಎಷ್ಟು ಹೇಳಿದರು ಗೊತ್ತಾಗಬಾರದು. ಮಾರುವವನ ಬಲ ಇರುವುದೇ ಆ ಟವೆಲ್‌ನಲ್ಲಿ. ಲಿಲ್ಲಾರ್ಡ್ 2023ರ ಜುಲೈ 1ಕ್ಕೆ ಟ್ರೇಡ್ ಕೇಳಿದರು, ಅಂದರೆ ನನ್ನನ್ನು ಬೇರೆ ತಂಡಕ್ಕೆ ಕೊಡಿ ಅಂದರು, ಅವರ ಏಜೆಂಟ್ ಆರನ್ ಗುಡ್ವಿನ್ ಮಯಾಮಿ ಒಂದೇ ಸಾಕು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅಂದರೆ ಟವೆಲ್ ತೆಗೆದು ಪಕ್ಕಕ್ಕೆ ಇಟ್ಟ ಹಾಗಾಯಿತು. ಒಬ್ಬನೇ ಗಿರಾಕಿ ಅಂತ ಗೊತ್ತಾದಮೇಲೆ ಆ ಗಿರಾಕಿ ಯಾಕೆ ಜಾಸ್ತಿ ಕೊಡುತ್ತಾನೆ? ಮಯಾಮಿ ಕೂತು ಕಾಯಿತು, ಆಗಷ್ಟೇ ಫೈನಲ್ ಆಡಿ ಬಂದ ತಂಡ ಅದು, ಅವರಿಗೂ ತಮ್ಮ ಲೆಕ್ಕ ಇತ್ತು, ಅವರನ್ನು ನಾನು ದೂರುವುದಿಲ್ಲ. ಪೋರ್ಟ್‌ಲ್ಯಾಂಡ್ ಮಾಡಿದ್ದು ಇಷ್ಟೇ: ತಿಂಗಳುಗಟ್ಟಲೆ ಹಿಡಿದರೂ ಪರವಾಗಿಲ್ಲ ಅಂದು, ಹತ್ತಿರ ಹತ್ತಿರ ಮೂರು ತಿಂಗಳು ಕಾದು, ಇನ್ನೊಬ್ಬ ಗಿರಾಕಿಯನ್ನು ಹುಡುಕಿತು. ಇದನ್ನು ಹಟ ಅಂತ ಕರೆಯಬೇಡಿ. ಚೌಕಾಸಿ ಅಂದರೆ ಇದೇ.

ಪ್ರಶ್ನೆ: ಟ್ರೇಡ್ ಕೇಳಿದರೆ ಲೀಗ್ ದಂಡ ಹಾಕುತ್ತದಂತೆ, ನಿಜವಾ? (ಓದುಗರು, ದಾವಣಗೆರೆ)

ಉತ್ತರ: ತಂಡದ ಹತ್ತಿರ ಒಳಗೊಳಗೆ ಕೇಳಿದರೆ ಇಲ್ಲ. ಬಹಿರಂಗವಾಗಿ ಕೇಳಿದರೆ ಹೌದು. 2019ರಲ್ಲಿ ಆಂಥನಿ ಡೇವಿಸ್‌ಗೆ 50,000 ಡಾಲರ್ ಬಿತ್ತು. ಲಿಲ್ಲಾರ್ಡ್ ವಿಷಯದಲ್ಲಿ ಲೀಗ್ 2023ರ ಜುಲೈ ಕೊನೆಗೆ ಎಲ್ಲ ತಂಡಗಳಿಗೂ ಒಂದು ಪತ್ರ ಕಳಿಸಿ, ಬೇರೆ ತಂಡಕ್ಕೆ ಕೊಟ್ಟರೆ ಕರಾರಿನಂತೆ ಆಡುವುದಿಲ್ಲ ಅನ್ನುವ ಅರ್ಥ ಬರುವ ಮಾತು ಇನ್ನೊಮ್ಮೆ ಬಂದರೆ ಕ್ರಮ ಇದೆ ಅಂತ ಎಚ್ಚರಿಸಿತು. ಟವೆಲ್ ಮತ್ತೆ ಕೈಮೇಲೆ ಬಂದಿದ್ದು ಆಗ ಅಂತ ನನಗನ್ನಿಸುತ್ತದೆ.

ಪ್ರಶ್ನೆ: ನಾನು ಕಾಲೇಜು ಟೀಮಲ್ಲಿ ಆಡುತ್ತೇನೆ. ಒಬ್ಬ ಆಟಗಾರನನ್ನು ಕೊಡಲು ಮೂರು ತಂಡ ಯಾಕೆ ಬೇಕಾಯಿತು? ಮತ್ತೆ ಪಿಕ್, ಸ್ವಾಪ್ ಅಂತೆಲ್ಲ ಬರೆಯುತ್ತೀರಿ, ಬಿಡಿಸಿ ಹೇಳಿ ಸರ್. (ಓದುಗರು, ಹುಬ್ಬಳ್ಳಿ)

ಉತ್ತರ: ಒಳ್ಳೆ ಪ್ರಶ್ನೆ, ಕೇಳಿದ್ದಕ್ಕೆ ಖುಷಿಯಾಯಿತು. ಎನ್‌ಬಿಎಯಲ್ಲಿ ಸಂಬಳದ ಮಿತಿ ದಾಟಿದ ತಂಡ, ಬರುವ ಆಟಗಾರನ ಸಂಬಳಕ್ಕೆ ಹೆಚ್ಚುಕಮ್ಮಿ ಹೊಂದುವಷ್ಟು ಸಂಬಳವನ್ನು ಹೊರಗೆ ಕಳಿಸಬೇಕು. ಆ ವರ್ಷ ಲಿಲ್ಲಾರ್ಡ್ ಸಂಬಳ ಸುಮಾರು 45.6 ಮಿಲಿಯನ್ ಡಾಲರ್. ಅಷ್ಟು ದೊಡ್ಡ ಮೊತ್ತ ಹೊಂದಿಸುವಾಗ ಎಲ್ಲರಿಗೂ ಬೇಕಾದವರೇ ಸಿಗುವುದಿಲ್ಲ. ಆಗ ಮೂರನೆಯವರು ಬರುತ್ತಾರೆ. ಇಲ್ಲಿ ಬಂದಿದ್ದು ಫೀನಿಕ್ಸ್. ಸೆಪ್ಟೆಂಬರ್ 27ಕ್ಕೆ ಆದದ್ದು ಹೀಗೆ: ಲಿಲ್ಲಾರ್ಡ್ ಮಿಲ್ವಾಕಿಗೆ. ಯೂಸುಫ್ ನುರ್ಕಿಚ್, ಗ್ರೇಸನ್ ಆಲನ್, ನಾಸಿರ್ ಲಿಟಲ್, ಕಿಯಾನ್ ಜಾನ್ಸನ್ ಫೀನಿಕ್ಸ್‌ಗೆ. ಪೋರ್ಟ್‌ಲ್ಯಾಂಡ್‌ಗೆ ಜ್ರೂ ಹಾಲಿಡೇ, ಡಿಆಂಡ್ರೆ ಏಟನ್, ಟೌಮಾನಿ ಕಮಾರಾ. ಜೊತೆಗೆ ಮಿಲ್ವಾಕಿಯ 2029ರ ಮೊದಲ ಸುತ್ತಿನ ಪಿಕ್, 2028 ಮತ್ತು 2030ರಲ್ಲಿ ಸ್ವಾಪ್.

ಸ್ವಾಪ್ ಅಂದರೆ ಅದಲುಬದಲು ಮಾಡುವ ಹಕ್ಕು. ಆ ವರ್ಷ ಮಿಲ್ವಾಕಿಯ ಪಿಕ್ ಪೋರ್ಟ್‌ಲ್ಯಾಂಡ್‌ನದಕ್ಕಿಂತ ಚೆನ್ನಾಗಿದ್ದರೆ ಬದಲಾಯಿಸಿಕೊಳ್ಳಬಹುದು, ಇಲ್ಲದಿದ್ದರೆ ಸುಮ್ಮನಿರಬಹುದು. ಮೂರು ವರ್ಷವೂ ಪಿಕ್ ಅನ್ನೇ ಯಾಕೆ ಕೊಡಲಿಲ್ಲ ಅಂತ ನೀವು ಕೇಳಬಹುದು. ಮುಂದೆ ಬರುವ ಯಾವುದೇ ಎರಡು ವರ್ಷಗಳ ಮೊದಲ ಸುತ್ತಿನ ಪಿಕ್‌ಗಳನ್ನು ಬೆನ್ನುಬೆನ್ನಿಗೆ ಕಳೆದುಕೊಳ್ಳುವಂತಿಲ್ಲ ಅಂತ ನಿಯಮ ಇದೆ. ಕ್ಲೀವ್‌ಲ್ಯಾಂಡ್ ತಂಡದ ಹಿಂದಿನ ಮಾಲೀಕ ಟೆಡ್ ಸ್ಟೆಪಿಯನ್ 1980ರ ದಶಕದ ಶುರುವಿನಲ್ಲಿ ಪಿಕ್‌ಗಳನ್ನೆಲ್ಲ ಬೇಕಾಬಿಟ್ಟಿ ಮಾರಿ ತಂಡವನ್ನು ಬರಿದು ಮಾಡಿದರು, ನಿಯಮಕ್ಕೆ ಅವರದ್ದೇ ಹೆಸರು ಉಳಿಯಿತು. ಅದಕ್ಕೇ ನಡುವಿನ ವರ್ಷ ಪಿಕ್, ಆ ಕಡೆ ಈ ಕಡೆ ಸ್ವಾಪ್. ಯಾನಿಸ್‌ಗೆ ವಯಸ್ಸಾಗುವ ಹೊತ್ತಿಗೆ ಸರಿಯಾಗಿ ಈ ವರ್ಷಗಳು ಬರುತ್ತವೆ. ಪೋರ್ಟ್‌ಲ್ಯಾಂಡ್ ಕೊಂಡದ್ದು ಅದನ್ನು.

ಪ್ರಶ್ನೆ: ನಿಮ್ಮ ಜಾಣ ಕ್ರೋನಿನ್ ನಾಲ್ಕೇ ದಿನದಲ್ಲಿ ಹಾಲಿಡೇಯನ್ನು ಬಾಸ್ಟನ್‌ಗೆ ಕೊಟ್ಟರು. ಬಾಸ್ಟನ್ 2024ರಲ್ಲಿ ಚಾಂಪಿಯನ್ ಆಯಿತು. ಪೋರ್ಟ್‌ಲ್ಯಾಂಡ್ 21 ಗೆದ್ದು 61 ಸೋತಿತು. ಇದಕ್ಕೇನು ಹೇಳುತ್ತೀರಿ? (ಓದುಗರು, ಮಂಗಳೂರು)

ಉತ್ತರ: ಆ 61 ಸೋಲಿನಲ್ಲಿ ಎಷ್ಟೋ ನಾನು ಬೆಳಗ್ಗೆ ಎಂಟೂವರೆಗೆ ಕೂತು ನೋಡಿದ್ದೇನೆ, ನೋವು ನನಗೂ ಗೊತ್ತು. ಆದರೆ ಮೂವತ್ತಮೂರರ ಹಾಲಿಡೇ ಎಳೆಯರ ತಂಡದಲ್ಲಿ ಇದ್ದು ಏನು ಮಾಡಬೇಕಿತ್ತು? ಅವರಿಗೆ ಗೆಲ್ಲುವ ತಂಡ ಬೇಕಿತ್ತು, ಬಾಸ್ಟನ್‌ಗೆ ಅವರು ಬೇಕಿತ್ತು. ಅವರ ಬದಲು ಮಾಲ್ಕಂ ಬ್ರಾಗ್ಡನ್, ರಾಬರ್ಟ್ ವಿಲಿಯಮ್ಸ್, ಎರಡು ಮೊದಲ ಸುತ್ತಿನ ಪಿಕ್ ಬಂತು. ಒಂದು ಗೋಲ್ಡನ್ ಸ್ಟೇಟ್ ಕಡೆಯದು, ಇನ್ನೊಂದು ಬಾಸ್ಟನ್‌ನ 2029ರದ್ದು.

ಈಗ ಈ ದಾರ ಹಿಡಿದು ನೋಡಿ. ಗೋಲ್ಡನ್ ಸ್ಟೇಟ್ ಪಿಕ್ 2024ರಲ್ಲಿ ಹದಿನಾಲ್ಕನೆಯದಾಯಿತು. ಅದನ್ನು, ಬ್ರಾಗ್ಡನ್ ಅವರನ್ನು, ಮುಂದಿನ ವರ್ಷಗಳ ಇನ್ನಷ್ಟು ಪಿಕ್‌ಗಳನ್ನು ಸೇರಿಸಿ ವಾಷಿಂಗ್ಟನ್‌ಗೆ ಕೊಟ್ಟು ಡೆನಿ ಅವ್ಡಿಯಾ ಅವರನ್ನು ತಂದರು. ಇವತ್ತು ಪೋರ್ಟ್‌ಲ್ಯಾಂಡ್ ಆಟ ಹಾಕಿದರೆ ಬಾಲ್ ಹಿಡಿದು ನುಗ್ಗುವ ಆ ಎತ್ತರದ ಹುಡುಗ ಕಾಣುತ್ತಾನಲ್ಲ, ಅವನು ಬಂದಿದ್ದು ಲಿಲ್ಲಾರ್ಡ್ ಹೋದ ದಾರಿಯಿಂದ. ಕಮಾರಾ ವಿಷಯವಂತೂ ಇನ್ನೂ ಸೊಗಸು. 52ನೇ ಪಿಕ್ ಆಗಿ ಬಂದವನು, ಟ್ರೇಡ್ ಸುದ್ದಿಯಲ್ಲಿ ಅವನ ಹೆಸರನ್ನು ಯಾರೂ ಸರಿಯಾಗಿ ಓದಲಿಲ್ಲ, 2025ರಲ್ಲಿ ಲೀಗ್‌ನ ಎರಡನೇ ಆಲ್ ಡಿಫೆನ್ಸಿವ್ ತಂಡದಲ್ಲಿ (ಎದುರಾಳಿಯನ್ನು ತಡೆಯುವುದರಲ್ಲಿ ಶ್ರೇಷ್ಠರಾದವರ ಪಟ್ಟಿ) ಅವನ ಹೆಸರಿತ್ತು. ಆ ಸೀಸನ್‌ನಲ್ಲಿ ಗೆಲುವು 36ಕ್ಕೆ ಏರಿತು.

ಎಲ್ಲವೂ ಫಲಿಸಲಿಲ್ಲ, ಅದನ್ನೂ ಹೇಳಲೇಬೇಕು. ವಿಲಿಯಮ್ಸ್ ಮೊಣಕಾಲು ಕೈಕೊಟ್ಟು ಮೊದಲ ಸೀಸನ್‌ನಲ್ಲಿ ಆರೇ ಆಟ ಆಡಿದರು. ಏಟನ್ ಬಗ್ಗೆ ನನಗಿದ್ದ ಆಸೆ ಸುಳ್ಳಾಯಿತು. ಎರಡು ವರ್ಷ ಅವರ ಮೈ ಇಲ್ಲಿತ್ತು, ಮನಸ್ಸು ಎಲ್ಲಿತ್ತೋ. 2025ರಲ್ಲಿ ಕರಾರು ಮುರಿದುಕೊಂಡು ಲೇಕರ್ಸ್‌ಗೆ ಹೋದರು. ಮಯಾಮಿ ವಾದಿಗಳ ಕೈಗೆ ಸಿಗುವ ಗಟ್ಟಿ ಅಂಶ ಇದೊಂದೇ ಅಂತ ನನ್ನ ಲೆಕ್ಕ.

ಪ್ರಶ್ನೆ: ನಮ್ಮ ಬೆಂಗಳೂರು ಬುಲ್ಸ್ ಪವನ್ ಸೆಹ್ರಾವತ್‌ನ ಬಿಟ್ಟುಕೊಟ್ಟಾಗ ಇಷ್ಟೆಲ್ಲ ಚೌಕಾಸಿ ಎಲ್ಲಿತ್ತು? ಇನ್ನೂ ಹೊಟ್ಟೆ ಉರಿಯುತ್ತದೆ. (ಓದುಗರು, ಬೆಂಗಳೂರು)

ಉತ್ತರ: ನನಗೂ ಉರಿಯುತ್ತದೆ. 2019ರ ಜನವರಿಯ ಫೈನಲ್‌ನಲ್ಲಿ ಒಬ್ಬನೇ 22 ಪಾಯಿಂಟ್ ತಂದು ಬುಲ್ಸ್‌ಗೆ ಕಪ್ ತಂದುಕೊಟ್ಟ ಹುಡುಗ. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ತಗೊಂಡಿತು. ಆದರೆ ಎರಡೂ ಆಟದ ವ್ಯವಸ್ಥೆಯೇ ಬೇರೆ. ಕಬಡ್ಡಿಯಲ್ಲಿ ಬಿಟ್ಟ ಆಟಗಾರ ಹರಾಜಿಗೆ ಹೋಗುತ್ತಾನೆ. ಬಿಟ್ಟ ತಂಡಕ್ಕೆ ಉಳಿಯುವುದು ದುಡ್ಡಿನ ಜಾಗ ಮಾತ್ರ, ಆಟಗಾರನಿಗೆ ಬದಲು ಆಟಗಾರ ಬರುವುದಿಲ್ಲ. ಲಿಲ್ಲಾರ್ಡ್ ಕರಾರು 2027ರವರೆಗೆ ಇತ್ತು. ಪೋರ್ಟ್‌ಲ್ಯಾಂಡ್‌ಗೆ ಕಾಯುವ ಧೈರ್ಯ ಬಂದಿದ್ದೇ ಅದರಿಂದ. ಕರಾರಿನ ಕೊನೆ ವರ್ಷ ಆಗಿದ್ದಿದ್ದರೆ ನಾನೂ ಮಯಾಮಿಗೇ ಕೊಟ್ಟು ಬಿಡಿ ಅನ್ನುತ್ತಿದ್ದೆ.

ಪ್ರಶ್ನೆ: ತಂಡಕ್ಕೆ ಬಂದದ್ದು ಆಯಿತು. ಲಿಲ್ಲಾರ್ಡ್‌ಗೆ ಏನು ಬಂತು? ನನ್ನ ಮಗಳು ಅವನ ಸೊನ್ನೆ ನಂಬರಿನ ಶರ್ಟನ್ನು 2023ರಲ್ಲೇ ಪೆಟ್ಟಿಗೆಗೆ ಹಾಕಿದಳು. ಈಗ ಹಾಕಿಕೊಳ್ಳಬಹುದಾ ಅಂತ ಕೇಳುತ್ತಿದ್ದಾಳೆ. (ಓದುಗರು, ಹಿಲ್ಸ್‌ಬರೋ)

ಉತ್ತರ: ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಜ, ಅವರಿಗೆ ಬಂದದ್ದು ಕಷ್ಟವೇ. ಮಿಲ್ವಾಕಿಯಲ್ಲಿ ಎರಡು ವರ್ಷವೂ ಇಂಡಿಯಾನಾ ಎದುರು ಮೊದಲ ಸುತ್ತಿನಲ್ಲೇ ಸೋಲು. 2025ರಲ್ಲಿ ಮೊದಲು ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿತು, ಅದರಿಂದ ಎದ್ದು ಬಂದು ಪ್ಲೇಆಫ್ ಆಡುವಾಗ ಏಪ್ರಿಲ್‌ನಲ್ಲಿ ಎಡಗಾಲಿನ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಜುಲೈನಲ್ಲಿ ಮಿಲ್ವಾಕಿ ಅವರನ್ನು ಬಿಟ್ಟೇ ಬಿಟ್ಟಿತು. ಉಳಿದ ಸುಮಾರು 113 ಮಿಲಿಯನ್ ಡಾಲರನ್ನು ಐದು ವರ್ಷಕ್ಕೆ ಹಂಚಿ ಕೊಡುತ್ತೇವೆ, ನೀವು ಹೊರಡಿ ಅಂತ. ಗಾಯಗೊಂಡು ಮಲಗಿದವರಿಗೆ ಹಾಗೆ ಹೇಳಿದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ, ಲೆಕ್ಕದಲ್ಲಿ ಅದು ಸರಿಯೇ ಇರಬಹುದು.

ಆಗ ಕರೆದದ್ದು ಯಾರು? ಪೋರ್ಟ್‌ಲ್ಯಾಂಡ್. ಅದೇ ಕ್ರೋನಿನ್. 2025-26ರ ಸೀಸನ್ ಪೂರ್ತಿ ಚೇತರಿಕೆಗೇ ಹೋಗುತ್ತದೆ ಅಂತ ಗೊತ್ತಿದ್ದೂ ಮೂರು ವರ್ಷಕ್ಕೆ 42 ಮಿಲಿಯನ್ ಡಾಲರ್ ಕರಾರು ಮಾಡಿಕೊಂಡರು. ಅದೇ ಬೇಸಿಗೆಯಲ್ಲಿ ಹಾಲಿಡೇ ಕೂಡ ಬಾಸ್ಟನ್‌ನಿಂದ ಪೋರ್ಟ್‌ಲ್ಯಾಂಡ್‌ಗೇ ಬಂದರು, ಸೈಮನ್ಸ್ ಆ ಕಡೆ ಹೋದರು. 2023ರಲ್ಲಿ ಒಬ್ಬರಿಗೆ ಬದಲಾಗಿ ಇನ್ನೊಬ್ಬರು ಬಂದಿದ್ದರಲ್ಲ, ಈಗ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ!

ಮಗಳಿಗೆ ಹೇಳಿ, ಧಾರಾಳವಾಗಿ ಹಾಕಿಕೊಳ್ಳಲಿ, ಈಗ ಚಿಕ್ಕದಾಗಿರಬಹುದು, ನೋಡಿ. ಇನ್ನೊಂದು ವಿಷಯವನ್ನೂ ಹೇಳಿ. ಈ ಹೊಸ ಕರಾರಿನಲ್ಲಿ ಅವರ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ ಅನ್ನುವ ಷರತ್ತು ಇದೆ. ಲೀಗ್‌ನಲ್ಲಿ ಎಂಟು ವರ್ಷ, ಅದೇ ತಂಡದಲ್ಲಿ ನಾಲ್ಕು ವರ್ಷ ಆಡಿದವರು ಮಾತ್ರ ಕೇಳಬಹುದಾದ ಷರತ್ತು ಅದು. 2023ರಲ್ಲಿ ಅವರ ಕೈಯಲ್ಲಿ ಅದು ಇರಲಿಲ್ಲ.