ಫೋನ್ ಮಾಡಿ, ಸಂಕೋಚ ಬೇಡ

ಗದಗ-ಬೆಟಗೇರಿಯ ನೇಕಾರರೊಬ್ಬರು ಬರೆದಿದ್ದಾರೆ: "ಹುಬ್ಬಳ್ಳಿಯಲ್ಲಿ ಬಲಗಾಲಿನ ರಕ್ತನಾಳಕ್ಕೆ ಬೈಪಾಸ್ ಆಗಿ ಐದು ವಾರವಾಯಿತು. ನಡೆದರೆ ಬರುತ್ತಿದ್ದ ನೋವು ಹೋಗಿದೆ. ಆದರೆ ಸಂಜೆಗೆ ಪಾದ ಬಾತುಕೊಳ್ಳುತ್ತದೆ. ಮೊಣಕಾಲಿನ ಕೆಳಗೆ ಒಳಬದಿ ಮುಟ್ಟಿದರೆ ಗೊತ್ತಾಗುವುದಿಲ್ಲ. ಮಗನಿಗೆ ಹೇಳಿದರೆ 'ಎಷ್ಟ್ ರಗಳಿ ಮಾಡ್ತೀಯಪಾ, ಸುಮ್ನ ಮಲ್ಕೋ' ಅಂತಾನೆ. ಇಷ್ಟಕ್ಕೆಲ್ಲ ಡಾಕ್ಟರಿಗೆ ಫೋನ್ ಮಾಡಬಹುದೇ?"

ಮಾಡಲೇಬೇಕು ಯಜಮಾನ್ರೇ. ನಿಮ್ಮ ಮಗನ ಮಾತೂ ಪೂರ್ತಿ ಸುಳ್ಳಲ್ಲ. ಕಟ್ಟಿಕೊಂಡ ರಕ್ತನಾಳದ ಪಕ್ಕದಿಂದ ಬೇರೆ ನಾಳ ಜೋಡಿಸಿ ರಕ್ತಕ್ಕೆ ದಾರಿ ಮಾಡಿಕೊಡುವ ಈ ಆಪರೇಷನ್ ಆದವರಿಗೆ ಕಾಲು ಬಾಯುವುದು ಮಾಮೂಲು. ರಕ್ತದ ಹರಿವು ಜಾಸ್ತಿಯಾಗಿರುತ್ತದೆ, ತೊಡೆಸಂದಿಯಲ್ಲಿ ಕೊಯ್ದಾಗ ಕಾಲಿನ ನೀರಿನಂಶ ಹೊತ್ತೊಯ್ಯುವ ದುಗ್ಧನಾಳಗಳಿಗೂ ಪೆಟ್ಟು ಬಿದ್ದಿರುತ್ತದೆ. ಹೆಚ್ಚಿನವರಿಗೆ ಎರಡು ಮೂರು ತಿಂಗಳಲ್ಲಿ ಇಳಿಯುತ್ತದೆ. ಕೂತಾಗ ಕಾಲು ಮೇಲಿಟ್ಟುಕೊಳ್ಳಿ. ಇನ್ನು ಜೋಮು. ನಿಮ್ಮದೇ ಕಾಲಿನ ಉದ್ದನೆಯ ಅಭಿಧಮನಿ, ಅಂದರೆ ಹೃದಯದ ಕಡೆಗೆ ರಕ್ತ ಒಯ್ಯುವ ನಾಳ, ತೆಗೆದು ಜೋಡಿಸಿದ್ದರೆ, ಅದರ ಪಕ್ಕದಲ್ಲೇ ಹೋಗುವ ನರಕ್ಕೆ ನೋವಾಗಿರಬಹುದು. ಅದು ಸರಿಹೋಗಲು ತಿಂಗಳುಗಳೇ ಬೇಕು. ಆದರೆ ಒಂದೇ ಕಾಲು ಬಾತಿದ್ದರೆ ರಕ್ತ ಹೆಪ್ಪುಗಟ್ಟಿಲ್ಲ ಎಂದು ಯಾರಾದರೂ ನೋಡಿಯೇ ಹೇಳಬೇಕು ಅಲ್ವಾ? ಅದು ಮಗನ ಕೆಲಸವೂ ಅಲ್ಲ, ಸಂಪಾದಕನ ಕೆಲಸವೂ ಅಲ್ಲ.

ನಮ್ಮ ಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರಿಗೂ ಇದೇ ಆಪರೇಷನ್ ಆಗಿತ್ತು. ಒಂದು ರಾತ್ರಿ ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡಿತು, ಬೆರಳು ಅಲ್ಲಾಡದಾಯಿತು. ಮನೆಯವರ ನಿದ್ದೆ ಯಾಕೆ ಕೆಡಿಸುವುದು ಎಂದು ಬೆಳಗಿನ ತನಕ ಹಲ್ಲು ಕಚ್ಚಿಕೊಂಡು ಮಲಗಿದರು. ಜೋಡಿಸಿದ ನಾಳ ಮುಚ್ಚಿಹೋಗಿತ್ತು. ಕಾಲು ಉಳಿಯಲಿಲ್ಲ. ಇಂಥದ್ದಕ್ಕೆ ಲೆಕ್ಕ ಗಂಟೆಗಳಲ್ಲಿ, ದಿನಗಳಲ್ಲಲ್ಲ. ಕೂಡಲೇ 108ಕ್ಕೆ ಕರೆ ಮಾಡಬೇಕು. ಎದೆನೋವು ಬಂದರೂ, ಉಸಿರು ಕಟ್ಟಿದರೂ, ಗಾಯದಿಂದ ರಕ್ತ ಹರಿದರೂ ಹಾಗೇ. ಜ್ವರ, ಕೀವು, ಗಟ್ಟಿಯಾಗಿ ನೋಯುವ ಮೀನಖಂಡ ಇದ್ದರೆ ಅದೇ ದಿನ ತೋರಿಸಿ.

ನೇಕಾರರಿಗೆ ಇದೊಂದು ಹೇಳದೆ ಬಿಡಲಾರೆ. ರಕ್ತನಾಳಕ್ಕೆ ಹೊಲಿಗೆ ಹಾಕುವುದನ್ನು ಸಾಧಿಸಿ 1912ರಲ್ಲಿ ನೊಬೆಲ್ ಪಡೆದ ಅಲೆಕ್ಸಿಸ್ ಕ್ಯಾರೆಲ್, ಸೂಜಿ ಕೆಲಸ ಕಲಿತದ್ದು ಲಿಯೋನ್ ಊರಿನ ಕಸೂತಿಗಾರ್ತಿಯೊಬ್ಬಳಿಂದ ಎನ್ನುತ್ತಾರೆ. ಕಾಲಿನದೇ ನಾಳ ಬಳಸಿ ಬೈಪಾಸ್ ಮಾಡಿದ್ದು 1948ರಲ್ಲಿ, ಪ್ಯಾರಿಸ್ಸಿನಲ್ಲಿ, ಜಾನ್ ಕುನ್ಲಿನ್. ಆ ನಾಳದೊಳಗೆ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳಿರುತ್ತವೆ. ಹಾಗಾಗಿ ಅವರು ಅದನ್ನು ತಲೆಕೆಳಗು ಮಾಡಿ ಜೋಡಿಸಿದರು. ಇಷ್ಟು ನಾಜೂಕಿನ ಕೆಲಸ ನಿಮ್ಮ ಕಾಲಿನೊಳಗಿದೆ. ಅದರ ಬಗ್ಗೆ ಕೇಳಿದರೆ ರಗಳೆಯೇ?

ಡಾಕ್ಟರುಗಳಿಗೆ ಪುರುಸೊತ್ತಿಲ್ಲ, ಒಪ್ಪುತ್ತೇನೆ. ಆದರೆ ಕಾಲು ಬಾಯುತ್ತದೆ, ಜೋಮು ಹಿಡಿಯುತ್ತದೆ, ತಣ್ಣಗಾದರೆ ಓಡಿ ಬನ್ನಿ ಎಂದು ಮೊದಲೇ ಹೇಳಿದ್ದರೆ ಈ ಪತ್ರ ಬರುತ್ತಲೇ ಇರಲಿಲ್ಲ. ನೀವು ಕಳಿಸಿದ ಡಿಸ್ಚಾರ್ಜ್ ಕಾರ್ಡಿನ ನಕಲು ನೋಡಿದೆ. ಪೂರ್ತಿ ಇಂಗ್ಲಿಷು, ಅದರಲ್ಲಿ ಅರ್ಧ ಅಂತೂ ಓದಲಿಕ್ಕೇ ಬರುವುದಿಲ್ಲ. ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸುಗಳ ಊರು. ಲಗ್ನಪತ್ರಿಕೆ, ನೋಟ್‌ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಚುನಾವಣೆಯ ಕರಪತ್ರ ಎಲ್ಲ ಕನ್ನಡದಲ್ಲಿ ಅಚ್ಚಾಗುತ್ತವೆ. ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗುವವನ ಕೈಗೆ ಒಂದು ಹಾಳೆ ಕನ್ನಡ ಕೊಡಲು ಯಾರಿಗೂ ತೋಚುವುದಿಲ್ಲ. ಬಿಲ್ಲಿನ ಮೊತ್ತ ಮಾತ್ರ ಎಲ್ಲರಿಗೂ ಅರ್ಥವಾಗುವ ಹಾಗೆ ಇರುತ್ತದೆ.

ಇನ್ನು ಪತ್ರದ ತುದಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಲ್ಲ, "ದಿನಕ್ಕೆ ಎರಡೇ ಬೀಡಿ" ಅಂತ. ಅದನ್ನೂ ಫೋನಿನಲ್ಲಿ ಡಾಕ್ಟರಿಗೆ ಹೇಳಿ. ಅವರು ಬೈದರೆ ನಾನು ನಿಮ್ಮ ಪರ ಇಲ್ಲ.