ಬೇಡದಿದ್ದರೂ ಗರ್ಭಕೋಶ ತೆಗೆದರು: ಕಾನೂನಿನಲ್ಲಿ ಏನು ದಾರಿ?

ಪ್ರಶ್ನೆ: ನನ್ನ ತಂಗಿಗೆ 34 ವರ್ಷ, ಇಬ್ಬರು ಮಕ್ಕಳು. ಬಿಳಿಸೆರಗು, ಸೊಂಟನೋವು ಎಂದು ತಾಲ್ಲೂಕು ಕೇಂದ್ರದ ಖಾಸಗಿ ಆಸ್ಪತ್ರೆಗೆ ಹೋಗಿದ್ದಳು. ಸ್ಕ್ಯಾನಿಂಗ್ ಮಾಡಿ, ‘ಗರ್ಭಕೋಶ ಊದಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಎರಡೇ ದಿನದಲ್ಲಿ ಆಪರೇಷನ್ ಮಾಡಿದರು. 48 ಸಾವಿರ ರೂಪಾಯಿ ಬಿಲ್ ಆಯಿತು. ಈಗ 14 ತಿಂಗಳಾಗಿದೆ. ಮೈ ಬಿಸಿಯೇರುತ್ತದೆ, ನಿದ್ದೆಯಿಲ್ಲ, ಕೈಕಾಲು ನೋವು. ಬೇರೆ ವೈದ್ಯರಿಗೆ ತೋರಿಸಿದರೆ ‘ಎರಡೂ ಅಂಡಾಶಯಗಳನ್ನೂ ತೆಗೆದಿದ್ದಾರೆ, ಈ ಆಪರೇಷನ್ ಬೇಕಿರಲಿಲ್ಲ’ ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅವಳ ಗಂಡ. ಪೊಲೀಸ್ ಠಾಣೆಗೆ ಹೋಗಬೇಕೇ, ಕೋರ್ಟಿಗೇ?

ಉತ್ತರ: ಎರಡಕ್ಕೂ ಮೊದಲು ಆಸ್ಪತ್ರೆಯ ದಾಖಲೆ ಕೈಗೆ ಬರಬೇಕು. ನೀವು ದೂರು ಕೊಟ್ಟ ಸುದ್ದಿ ಮುಟ್ಟಿದ ಮೇಲೆ ಕೇಸ್ ಶೀಟ್‌ನಲ್ಲಿ ಹೊಸ ಸಾಲುಗಳು ಸೇರಿಕೊಳ್ಳುವ ಅಪಾಯವಿದೆ. ಹಾಗಾಗಿ ತಂಗಿಯ ಸಹಿಯಲ್ಲೇ ಒಂದು ಅರ್ಜಿ ಬರೆದು ಆಸ್ಪತ್ರೆಗೆ ಕೊಡಿ, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆ ನಿಯಮಗಳ ಪ್ರಕಾರ, ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಕಾಪಾಡಬೇಕು. ನಿಮಗಿನ್ನೂ ಸಮಯವಿದೆ.

‘ಎಲ್ಲ ದಾಖಲೆ ಕೊಡಿ’ ಎಂದಷ್ಟೇ ಬರೆದರೆ ಡಿಸ್ಚಾರ್ಜ್ ಸಮ್ಮರಿಯೊಂದನ್ನು ಕೈಗಿಟ್ಟು ಕಳಿಸುತ್ತಾರೆ. ಒಂದೊಂದನ್ನೂ ಹೆಸರಿಸಿ ಕೇಳಿ: ಹೊರರೋಗಿ ಚೀಟಿ, ಸ್ಕ್ಯಾನಿಂಗ್ ವರದಿ ಮತ್ತು ಫಿಲ್ಮ್, ರಕ್ತಪರೀಕ್ಷೆಗಳು, ಪ್ಯಾಪ್ ಸ್ಮಿಯರ್ (ಗರ್ಭಕೊರಳಿನ ಜೀವಕೋಶಗಳ ಪರೀಕ್ಷೆ) ವರದಿ, ಒಪ್ಪಿಗೆ ಪತ್ರ, ಆಪರೇಷನ್ ನೋಟ್ಸ್, ಅರಿವಳಿಕೆ ಚಾರ್ಟ್, ನರ್ಸ್‌ಗಳ ಟಿಪ್ಪಣಿ, ಬಿಲ್‌ಗಳು. ಎಲ್ಲಕ್ಕಿಂತ ಮುಖ್ಯವಾದದ್ದು ತೆಗೆದ ಗರ್ಭಕೋಶದ ಬಯಾಪ್ಸಿ, ಅಂದರೆ ಹಿಸ್ಟೊಪೆಥಾಲಜಿ ವರದಿ. ಅದರ ಜೊತೆಗೆ ಸ್ಲೈಡ್ ಮತ್ತು ಅಂಗದ ತುಣುಕುಗಳಿರುವ ಮೇಣದ ಬ್ಲಾಕ್‌ಗಳನ್ನೂ ಕೇಳಿ. ಬ್ಲಾಕ್ ಸಿಕ್ಕರೆ ಬೇರೆ ಪೆಥಾಲಜಿಸ್ಟ್‌ ಹತ್ತಿರ ಮತ್ತೆ ಓದಿಸಬಹುದು. ಗರ್ಭಕೋಶವನ್ನು ಬಯಾಪ್ಸಿಗೆ ಕಳಿಸಿಯೇ ಇಲ್ಲ ಎಂದರೆ ಆ ಮಾತನ್ನು ಬರಹದಲ್ಲಿ ಪಡೆಯಿರಿ. ಕ್ಯಾನ್ಸರ್ ಭಯವಿದೆ ಎಂದು ತೆಗೆದ ಅಂಗವನ್ನು ಪರೀಕ್ಷೆಗೇ ಕಳಿಸದಿದ್ದರೆ ಆ ಭಯ ನಿಜವಿತ್ತೇ ಎಂಬ ಪ್ರಶ್ನೆಗೆ ಆಸ್ಪತ್ರೆ ಉತ್ತರ ಕೊಡಬೇಕಾಗುತ್ತದೆ.

ದಾಖಲೆ ಬಂದ ಮೇಲೆ ಮೂರು ಕಡೆ ಕಣ್ಣು ಹಾಯಿಸಿ.

ಒಂದು, ಸ್ಕ್ಯಾನಿಂಗ್ ವರದಿ. ಅಲ್ಲಿ ‘ಬಲ್ಕಿ ಯೂಟ್ರಸ್’ ಎಂದಷ್ಟೇ ಇದ್ದರೆ ಅದು ಕಾಯಿಲೆಯ ಹೆಸರಲ್ಲ. ಹೆರಿಗೆಯಾದ ಹೆಂಗಸರಲ್ಲಿ ಗರ್ಭಕೋಶ ಸ್ವಲ್ಪ ದೊಡ್ಡದಾಗಿರುವುದು ಸಾಮಾನ್ಯ. ಗರ್ಭಕೊರಳಿನ ಕ್ಯಾನ್ಸರ್ ಅನುಮಾನ ನಿಜವಾಗಿ ಇದ್ದಿದ್ದರೆ ಪ್ಯಾಪ್ ಸ್ಮಿಯರ್ ಅಥವಾ, ಆ ಕ್ಯಾನ್ಸರ್ ತರುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ, ಅದರಲ್ಲಿ ಏನಾದರೂ ಕಂಡರೆ ಕಾಲ್ಪೊಸ್ಕೊಪಿ (ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಉಪಕರಣದ ಪರೀಕ್ಷೆ) ಮತ್ತು ಬಯಾಪ್ಸಿ ಆಪರೇಷನ್ನಿಗೆ ಮೊದಲೇ ಆಗಬೇಕಿತ್ತು. ಒಂದನ್ನೂ ಮಾಡದೆ ಕತ್ತರಿ ಹಿಡಿದಿದ್ದರೆ ಎರಡು ಕಡೆಯಿಂದಲೂ ತಪ್ಪು. ಕ್ಯಾನ್ಸರ್ ಇರದಿದ್ದರೆ ಆಪರೇಷನ್ ಬೇಕಿರಲಿಲ್ಲ. ಹರಡುವ ಹಂತದ ಕ್ಯಾನ್ಸರ್ ಇದ್ದಿದ್ದರೆ ಮಾಮೂಲಿ ಗರ್ಭಕೋಶದ ಆಪರೇಷನ್ ಅದಕ್ಕೆ ಸರಿಯಾದ ಚಿಕಿತ್ಸೆಯೇ ಅಲ್ಲ.

ಎರಡು, ಹಿಸ್ಟೊಪೆಥಾಲಜಿ ವರದಿ. ‘ಪ್ರೊಲಿಫರೇಟಿವ್ ಎಂಡೊಮೆಟ್ರಿಯಂ’ ಎಂದಿದ್ದರೆ ಅದು ಋತುಚಕ್ರದ ಸಹಜ ಸ್ಥಿತಿ. ‘ಕ್ರಾನಿಕ್ ಸರ್ವಿಸೈಟಿಸ್’ (ಗರ್ಭಕೊರಳಿನ ಹಳೆಯ ಉರಿಯೂತ) ಎಂಬ ಸಾಲು ಹೆರಿಗೆಯಾದ ಬಹುಪಾಲು ಹೆಂಗಸರ ವರದಿಯಲ್ಲಿ ಇರುತ್ತದೆ. ಅದನ್ನೇ ತೋರಿಸಿ ‘ನೋಡಿ, ಸೋಂಕಿತ್ತು’ ಎಂದರೆ ಸುಮ್ಮನಾಗಬೇಡಿ. ಆದರೆ ವರದಿ ನಾರ್ಮಲ್ ಬಂದ ಮಾತ್ರಕ್ಕೆ ಕೇಸು ಗೆದ್ದಂತೆಯೂ ಅಲ್ಲ. ಔಷಧಿಗೆ ಬಗ್ಗದ ವಿಪರೀತ ರಕ್ತಸ್ರಾವವಿದ್ದವರ ಗರ್ಭಕೋಶವೂ ಸೂಕ್ಷ್ಮದರ್ಶಕದಲ್ಲಿ ನಾರ್ಮಲ್ ಕಾಣಬಹುದು. ನಿಮ್ಮ ತಂಗಿಯ ದೂರು ರಕ್ತಸ್ರಾವದ್ದಲ್ಲ, ಬಿಳಿಸೆರಗಿನದ್ದು ಎಂಬುದು ಇಲ್ಲಿ ತೂಕದ ಸಂಗತಿ. ಅದು ಹೊರರೋಗಿ ಚೀಟಿಯಲ್ಲಿ ಹೇಗೆ ದಾಖಲಾಗಿದೆ ನೋಡಿ.

ಮೂರು, ಒಪ್ಪಿಗೆ ಪತ್ರ. ನನ್ನ ಮಟ್ಟಿಗೆ ನಿಮ್ಮ ಪ್ರಕರಣದ ಗಟ್ಟಿ ಭಾಗ ಇದೇ. ಆಪರೇಷನ್ ನೋಟ್ಸ್‌ನಲ್ಲಿ ‘ಟಿಎಎಚ್ ವಿತ್ ಬಿಎಸ್‌ಒ’ ಎಂದಿರಬೇಕು. ಹೊಟ್ಟೆ ಕೊಯ್ದು ಗರ್ಭಕೋಶವನ್ನೂ, ಎರಡೂ ಕಡೆಯ ನಾಳ ಮತ್ತು ಅಂಡಾಶಯಗಳನ್ನೂ ತೆಗೆದೆವು ಎಂದು ಅದರರ್ಥ. ಒಪ್ಪಿಗೆ ಪತ್ರದಲ್ಲಿ ಬರೀ ‘ಹಿಸ್ಟರೆಕ್ಟಮಿ’ (ಗರ್ಭಕೋಶ ತೆಗೆಯುವುದು) ಇದ್ದರೆ ಅಂಡಾಶಯಕ್ಕೆ ಒಪ್ಪಿಗೆಯೇ ಇರಲಿಲ್ಲ. ಫಾರಂ ಯಾವ ಭಾಷೆಯಲ್ಲಿದೆ, ಆಪರೇಷನ್ ಹೆಸರಿನ ಜಾಗವನ್ನು ಬೇರೆ ಶಾಯಿಯಲ್ಲಿ ತುಂಬಿದ್ದಾರೆಯೇ, ಸಹಿಯ ಸಮಯ ಅರಿವಳಿಕೆ ಕೊಟ್ಟ ಸಮಯಕ್ಕಿಂತ ಮೊದಲಿನದೇ ಎಂಬುದನ್ನೂ ನೋಡಿ.

ಗಂಡನ ಸಹಿ ಸಾಲದು. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಲ್ಯಾಪರೊಸ್ಕೊಪಿಗೆ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ) ಮಾತ್ರ ಒಪ್ಪಿದ್ದ 44 ವರ್ಷದ ಮಹಿಳೆ ಪ್ರಜ್ಞೆ ತಪ್ಪಿದ್ದಾಗ, ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆಯಲಾಗಿತ್ತು. ವಯಸ್ಕ ರೋಗಿಯ ಬದಲು ಬೇರೆಯವರು ಒಪ್ಪಿಗೆ ಕೊಡಲಾಗದು, ಜೀವಕ್ಕೆ ಅಪಾಯವಿದ್ದು ಕಾಯಲಾಗದ ಸ್ಥಿತಿ ಇದ್ದರೆ ಮಾತ್ರ ವಿನಾಯಿತಿ ಎಂದು ಕೋರ್ಟ್ ಹೇಳಿತು. ಚಿಕಿತ್ಸೆ ಏನು, ಯಾಕೆ, ಬೇರೆ ದಾರಿಗಳೇನು, ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನೆಲ್ಲ ತಿಳಿಸಿದ ಮೇಲೆ ಕೊಟ್ಟದ್ದೇ ಒಪ್ಪಿಗೆ. ಆದರೆ ಆ ಪ್ರಕರಣದಲ್ಲಿ ಸಿಕ್ಕ ಪರಿಹಾರ 25 ಸಾವಿರ ರೂಪಾಯಿ, ಜೊತೆಗೆ ವೈದ್ಯರಿಗೆ ಆಪರೇಷನ್ ಶುಲ್ಕವಿಲ್ಲ ಎಂಬ ಆದೇಶ. ಹಾಗಾಗಿ ಒಪ್ಪಿಗೆಯ ಒಂದೇ ವಾದವನ್ನು ನೆಚ್ಚಿಕೊಂಡರೆ ಮೊತ್ತ ಸಣ್ಣದಾಗಬಹುದು. ‘ಆಪರೇಷನ್ ಅನಗತ್ಯ’ ಮತ್ತು ‘ಒಪ್ಪಿಗೆಯೇ ಇರಲಿಲ್ಲ’ ಎಂಬ ಎರಡನ್ನೂ ದೂರಿನಲ್ಲಿ ಬೇರೆ ಬೇರೆಯಾಗಿ ಬರೆಸಿ. ಮೊದಲನೆಯದನ್ನು ಸಾಬೀತು ಮಾಡುವುದು ಕಷ್ಟ. ಅಲ್ಲಿ ಸೋತರೂ ಎರಡನೆಯದು ಉಳಿಯುತ್ತದೆ.

ಇನ್ನು ಎಲ್ಲಿ ದೂರು ಕೊಡುವುದು? ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಹಣ ಪಡೆದು ಕೊಡುವ ಚಿಕಿತ್ಸೆ ‘ಸೇವೆ’ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿದೆ. ಯಾವ ಹಂತದ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ ನಿಂತಿದೆ. 50 ಲಕ್ಷದವರೆಗೆ ಕಟ್ಟಿದ್ದರೆ ಜಿಲ್ಲಾ ಆಯೋಗವೇ. ಕಟ್ಟಿದ್ದು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಹಾಗಾಗಿ 48 ಸಾವಿರದ ಬಿಲ್ ಇಟ್ಟುಕೊಂಡು 20 ಲಕ್ಷ ಪರಿಹಾರ ಕೇಳಲು ಅಡ್ಡಿಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಂಗಿ ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು.

ಕಾಲಮಿತಿ 2 ವರ್ಷ. ಹಾನಿ ತಡವಾಗಿ ತಿಳಿದರೆ ತಿಳಿದ ದಿನದಿಂದ ಎಣಿಸಬೇಕೆಂಬ ವಾದಕ್ಕೆ ಆಧಾರವಿದೆ, ತಡವಾದದ್ದಕ್ಕೆ ಕಾರಣ ಕೊಟ್ಟು ಮನ್ನಿಸಿ ಎಂದೂ ಕೇಳಬಹುದು. ಆದರೆ ಅದರ ಮೇಲೆ ಭಾರ ಹಾಕಬೇಡಿ. ನಿಮಗೆ ಉಳಿದಿರುವುದು ಹತ್ತು ತಿಂಗಳು ಎಂದೇ ಲೆಕ್ಕ ಹಿಡಿಯಿರಿ.

ಎದುರುದಾರರಾಗಿ ಆಸ್ಪತ್ರೆಯನ್ನೂ ಆಪರೇಷನ್ ಮಾಡಿದ ವೈದ್ಯರನ್ನೂ ಸೇರಿಸಿ. ‘ಅವರು ಹೊರಗಿನಿಂದ ಬಂದ ಸರ್ಜನ್, ನಮಗೆ ಸಂಬಂಧವಿಲ್ಲ’ ಎಂಬ ಮಾತು ನಡೆಯದು. ಸವಿತಾ ಗರ್ಗ್ ಪ್ರಕರಣದಲ್ಲಿ (2004) ಆಸ್ಪತ್ರೆಯೂ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಮುಟ್ಟಿದ ಮೇಲೆ ಅವರು 30 ದಿನದಲ್ಲಿ, ಹೆಚ್ಚೆಂದರೆ ಇನ್ನು 15 ದಿನದಲ್ಲಿ ಉತ್ತರ ಕೊಡಬೇಕು. ಅದಕ್ಕೂ ಹೆಚ್ಚು ಅವಕಾಶ ಕೊಡುವ ಅಧಿಕಾರ ಆಯೋಗಕ್ಕಿಲ್ಲ.

ಇಂಥ ದೂರುಗಳು ಹೆಚ್ಚಾಗಿ ಬಿದ್ದುಹೋಗುವುದು ತಜ್ಞರ ಅಭಿಪ್ರಾಯ ಇಲ್ಲದೆ. ಎಲ್ಲ ಪ್ರಕರಣಕ್ಕೂ ತಜ್ಞರು ಬೇಕಿಲ್ಲ ಎಂದು ಕಿಶನ್ ರಾವ್ ತೀರ್ಪು (2010) ಹೇಳುತ್ತದೆ ನಿಜ. ಆದರೆ ‘ಈ ಆಪರೇಷನ್ ಬೇಕಿತ್ತೇ’ ಎಂಬುದು ಹೊಟ್ಟೆಯಲ್ಲಿ ಕತ್ತರಿ ಬಿಟ್ಟಂಥ ಕಣ್ಣಿಗೆ ಕಾಣುವ ತಪ್ಪಲ್ಲ. ಬೇರೆ ವೈದ್ಯರು ಬಾಯಲ್ಲಿ ಹೇಳಿದ ‘ಬೇಕಿರಲಿಲ್ಲ’ ಎಂಬ ಮಾತಿಗೆ ಆಯೋಗದಲ್ಲಿ ಬೆಲೆಯಿಲ್ಲ. ಯಾವ ಪರೀಕ್ಷೆ ಆಗಿಲ್ಲ, ಯಾವ ಔಷಧಿ ಪ್ರಯತ್ನಿಸಿಲ್ಲ, 34ರ ವಯಸ್ಸಿನಲ್ಲಿ ಅಂಡಾಶಯ ತೆಗೆದರೆ ಮೂಳೆಗೂ ಹೃದಯಕ್ಕೂ ಏನು ತೊಂದರೆ ಎಂದು ಕಾರಣ ಸಹಿತ ಬರೆದುಕೊಡಬೇಕು. ಊರಿನ ವೈದ್ಯರು ಹಿಂಜರಿದರೆ ಬೇರೆ ಜಿಲ್ಲೆಯ ಮೆಡಿಕಲ್ ಕಾಲೇಜಿನ ಸ್ತ್ರೀರೋಗ ಪ್ರಾಧ್ಯಾಪಕರನ್ನು ಕೇಳಿ. ಅದೂ ಆಗದಿದ್ದರೆ ದಾಖಲೆಗಳನ್ನು ತಜ್ಞರ ಮಂಡಳಿಗೆ ಕಳಿಸಿ ಎಂದು ಆಯೋಗಕ್ಕೇ ಅರ್ಜಿ ಹಾಕಿ. ತಂಗಿಯ ಈಗಿನ ಮೂಳೆ ಸಾಂದ್ರತೆ ಪರೀಕ್ಷೆ, ಔಷಧಿ ಬಿಲ್, ಕೂಲಿ ತಪ್ಪಿದ ಲೆಕ್ಕವನ್ನೂ ಸೇರಿಸಿ. ಪರಿಹಾರದ ಮೊತ್ತ ನಿಲ್ಲುವುದು ಇವುಗಳ ಮೇಲೆ.

ವೈದ್ಯರ ಮೇಲೆ ವೃತ್ತಿ ಕ್ರಮ ಬೇಕಿದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಿ. ಅದು ಎಚ್ಚರಿಕೆ ಕೊಡಬಹುದು, ನೋಂದಣಿ ಅಮಾನತು ಮಾಡಬಹುದು, ಹಣ ಕೊಡಿಸಲಾರದು. ಎರಡೂ ಕಡೆ ಒಟ್ಟಿಗೆ ನಡೆಸಲು ತೊಡಕಿಲ್ಲ. ಆಸ್ಪತ್ರೆಯ ನೋಂದಣಿ, ದರಪಟ್ಟಿ, ರೋಗಿಗಳ ಹಕ್ಕುಗಳ ಉಲ್ಲಂಘನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ. ದೂರಿನ ಪ್ರತಿಯೊಂದನ್ನು ಜಿಲ್ಲಾ ಆರೋಗ್ಯಾಧಿಕಾರಿಗೂ ಕೊಡಿ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಜಿಲ್ಲಾ ಮಟ್ಟದ ನಿಗಾ ಸಮಿತಿ ಅದರ ಭಾಗ. ಕಲಬುರಗಿಯ ತಾಂಡಾಗಳ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣ 2015ರಲ್ಲಿ ಹೊರಬಂದದ್ದು ಒಬ್ಬಿಬ್ಬರ ದೂರಿನಿಂದಲ್ಲ. ನಿಮ್ಮ ಊರಲ್ಲಿ ಅದೇ ಆಸ್ಪತ್ರೆಯಲ್ಲಿ ಇದೇ ರೀತಿ ಆದವರು ಇನ್ನೂ ಇದ್ದರೆ ಎಲ್ಲರೂ ದಾಖಲೆ ತೆಗೆಸಿ ಒಟ್ಟಾಗಿ ಸಮಿತಿಯ ಮುಂದೆ ಹೋಗಿ. ಒಬ್ಬರ ಪ್ರಕರಣದಲ್ಲಿ ವೈದ್ಯರ ಅಭಿಪ್ರಾಯಭೇದ ಎನಿಸುವುದು, ಹತ್ತು ಜನರ ಕೇಸ್ ಶೀಟ್ ಪಕ್ಕಪಕ್ಕ ಇಟ್ಟಾಗ ಬೇರೆಯೇ ಕಾಣುತ್ತದೆ.

ಪೊಲೀಸ್ ದೂರನ್ನು ಕೊನೆಗೆ ಇಟ್ಟುಕೊಳ್ಳಿ. ಜೇಕಬ್ ಮ್ಯಾಥ್ಯೂ ತೀರ್ಪಿನ (2005) ಪ್ರಕಾರ ಅತಿಯಾದ ನಿರ್ಲಕ್ಷ್ಯವಿದ್ದರೆ ಮಾತ್ರ ಕ್ರಿಮಿನಲ್ ಅಪರಾಧ, ಅದಕ್ಕೂ ಮೊದಲು ತನಿಖಾಧಿಕಾರಿ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು. ಆ ಅಭಿಪ್ರಾಯ ವೈದ್ಯರ ಪರ ಬಂದರೆ ಅದೇ ಕಾಗದವನ್ನು ಗ್ರಾಹಕರ ಆಯೋಗದಲ್ಲಿ ನಿಮ್ಮ ವಿರುದ್ಧ ಹಾಜರುಪಡಿಸುತ್ತಾರೆ. ದಾಖಲೆ ತಿದ್ದಿರುವುದು, ಸಹಿ ನಕಲು ಮಾಡಿರುವುದು ಕಂಡರೆ ಮಾತ್ರ ತಡಮಾಡದೆ ಠಾಣೆಗೆ ಹೋಗಿ.

ವಕೀಲರ ಖರ್ಚಿನ ಚಿಂತೆ ಬೇಡ. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆದ ಆಪರೇಷನ್‌ಗೂ ಇದು ಅನ್ವಯವೇ?

ಉತ್ತರ: ಎಲ್ಲರಿಗೂ ಉಚಿತವಾಗಿರುವ ಆಸ್ಪತ್ರೆಯಾದರೆ ಗ್ರಾಹಕರ ಆಯೋಗಕ್ಕೆ ಹೋಗಲಾಗದು. ಚೀಟಿಗೆ ಕೊಟ್ಟ ಚಿಲ್ಲರೆ ಹಣ ಲೆಕ್ಕಕ್ಕಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಮಾಡುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ಹೋಗಬಹುದು. ಉಳಿದವರಿಗೆ ಸಿವಿಲ್ ದಾವೆಯ ದಾರಿಯಿದೆ, ಸರ್ಕಾರಕ್ಕೆ ಎರಡು ತಿಂಗಳ ಮುಂಚಿತ ನೋಟಿಸ್ ಕೊಟ್ಟು ಹೂಡಬೇಕು. ಸರ್ಕಾರಿ ವೈದ್ಯರ ನಿರ್ಲಕ್ಷ್ಯಕ್ಕೆ ಸರ್ಕಾರವೇ ಹೊಣೆ ಎಂದು ಸಂತ್ರಾ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಹೇಳಿದೆ. ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯ ಒಂದು ವರ್ಷದೊಳಗೆ ದೂರು ಕೊಡಬೇಕು. ದಾಖಲೆ ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು.

ಪ್ರಶ್ನೆ: ನಮ್ಮ ತಂದೆಗೆ ಬೇಡದ ಸ್ಟೆಂಟ್ ಹಾಕಿದ್ದಾರೆ ಎಂಬ ಅನುಮಾನ. ಪತ್ತೆ ಹೇಗೆ?

ಉತ್ತರ: ಆಂಜಿಯೊಗ್ರಾಂ ಸಿ.ಡಿ. ಪಡೆದುಕೊಳ್ಳಿ, ಬರೀ ವರದಿ ಸಾಲದು. ವರದಿಯಲ್ಲಿ ಶೇ 80 ಎಂದು ಬರೆದ ಅಡಚಣೆ ಚಿತ್ರದಲ್ಲಿ ಅಷ್ಟಿರದೇ ಇರಬಹುದು. ಅದನ್ನು ಬೇರೆ ಆಸ್ಪತ್ರೆಯ ಹೃದ್ರೋಗ ತಜ್ಞರಿಂದ ಓದಿಸಿ. ಹೃದಯಾಘಾತವಾಗದೆ, ಸ್ಥಿರವಾಗಿದ್ದ ರೋಗಿಯಲ್ಲಿ ಸಾಮಾನ್ಯವಾಗಿ ಶೇ 70ಕ್ಕಿಂತ ಹೆಚ್ಚು, ಎಡ ಮುಖ್ಯ ರಕ್ತನಾಳದಲ್ಲಿ ಶೇ 50ಕ್ಕಿಂತ ಹೆಚ್ಚು ಅಡಚಣೆಯನ್ನು ಗಂಭೀರ ಎನ್ನುತ್ತಾರೆ. ನಡುವಿನ ಪ್ರಮಾಣದ್ದಾದರೆ ಒತ್ತಡ ಅಳೆಯುವ ಎಫ್‌ಎಫ್‌ಆರ್ ಪರೀಕ್ಷೆ ಮಾಡಿದ್ದರೇ ಎಂದು ಕೇಳಿ. ಹೃದಯಾಘಾತದ ಹೊತ್ತಲ್ಲಿ ಹಾಕಿದ ಸ್ಟೆಂಟ್ ಆಗಿದ್ದರೆ ‘ಅನಗತ್ಯ’ ಎಂಬ ವಾದ ನಿಲ್ಲುವುದು ಕಷ್ಟ.

ಪ್ರಶ್ನೆ: ಆಸ್ಪತ್ರೆಯವರು 1 ಲಕ್ಷ ಕೊಡುತ್ತೇವೆ, ಛಾಪಾ ಕಾಗದಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ದಾಖಲೆಗಳೆಲ್ಲ ಕೈಗೆ ಬರುವ ಮುನ್ನ ಒಪ್ಪಬೇಡಿ. ‘ಇನ್ನು ಮುಂದೆ ಯಾವ ತಕರಾರೂ ಇಲ್ಲ’ ಎಂಬ ಸಾಲಿಗೆ ಸಹಿ ಬಿದ್ದರೆ ಪರಿಹಾರದ ದಾವೆ ಬಹುತೇಕ ಮುಗಿದಂತೆ. ‘ಆಪರೇಷನ್ ಸರಿಯಾಗಿತ್ತು, ತೃಪ್ತಿಯಿದೆ’ ಎಂಬ ಸಾಲನ್ನು ಎಷ್ಟು ಹಣ ಕೊಟ್ಟರೂ ಒಪ್ಪಬೇಡಿ. ರಾಜಿಯಾಗುವುದಿದ್ದರೆ ಕಾಯಂ ಲೋಕ ಅದಾಲತ್‌ನಲ್ಲಿ ಆಗಿ. ಆಸ್ಪತ್ರೆ ಸೇವೆಯ ವಿವಾದಗಳು ಅದರ ವ್ಯಾಪ್ತಿಯಲ್ಲಿವೆ, ಮೊತ್ತದ ಮಿತಿ 1 ಕೋಟಿ, ಶುಲ್ಕವಿಲ್ಲ, ಆದೇಶಕ್ಕೆ ಸಿವಿಲ್ ಡಿಕ್ರಿಯ ಬಲವಿದೆ. ಒಂದು ವಿಷಯ ತಿಳಿದಿರಲಿ: ಅಲ್ಲಿ ಅರ್ಜಿ ಹಾಕಿದ ಮೇಲೆ ಅದೇ ವಿವಾದವನ್ನು ಬೇರೆ ಕೋರ್ಟಿಗೆ ಒಯ್ಯುವಂತಿಲ್ಲ, ರಾಜಿ ಮುರಿದರೆ ಅದಾಲತ್ತೇ ತೀರ್ಮಾನ ಕೊಡುತ್ತದೆ, ಅದರ ಮೇಲೆ ಅಪೀಲಿಲ್ಲ. ಹಣವನ್ನು ಬ್ಯಾಂಕ್ ಮೂಲಕವೇ, ರೋಗಿಯ ಖಾತೆಗೇ ಪಡೆಯಿರಿ.