ಅಗ್ನಿಶಿಖೆ ಮೊಳೆಯದಿದ್ದರೆ ಕೆದಕಿ ನೋಡಬೇಡಿ

ಪ್ರಶ್ನೆ: ಅಗ್ನಿಶಿಖೆ (ಗೌರಿ ಹೂ) ಗೆಡ್ಡೆ ನೆಟ್ಟು ಒಂದೂವರೆ ತಿಂಗಳಾಯ್ತು, ದಿನಾ ನೀರು ಹಾಕಿದರೂ ಮೊಳಕೆ ಇಲ್ಲ. ಕೆದಕಿ ನೋಡಿದರೆ ಗೆಡ್ಡೆ ಗಟ್ಟಿಯಾಗಿಯೇ ಇದೆ. ನೆಡುವಾಗ ಒಂದು ತುದಿ ಮುರಿದಿತ್ತು.

ಉತ್ತರ: ಆ ಮುರಿದ ತುದಿಯ ಮೇಲೇ ನನ್ನ ಅನುಮಾನ. ಆಲೂಗಡ್ಡೆಗೆ ಮೈತುಂಬ ಕಣ್ಣು, ಒಂದು ಹೋದರೆ ಇನ್ನೊಂದು ಚಿಗುರುತ್ತದೆ. ಇದಕ್ಕೆ ಹಾಗಿಲ್ಲ. ಗೆಡ್ಡೆ ‘ವಿ’ ಅಕ್ಷರದ ಹಾಗೆ ಎರಡು ತೋಳು ಚಾಚಿರುತ್ತದೆ, ಮೊಳಕೆಯ ಕಣ್ಣು ತೋಳಿನ ತುದಿಯಲ್ಲಿ ಮಾತ್ರ. ತುದಿ ಮುರಿದರೆ ಆ ತೋಳಿನ ಕಥೆ ಮುಗಿಯಿತು. ಇನ್ನೊಂದು ತುದಿ ಚೆನ್ನಾಗಿದ್ದರೆ ಆಸೆ ಬಿಡಬೇಡಿ, ಗೆಡ್ಡೆಗೆ ನಿದ್ದೆಯ ಕಾಲ ಅಂತ ಇರುತ್ತದೆ, ಅದು ಮುಗಿಯದೆ ಏನು ಮಾಡಿದರೂ ಏಳುವುದಿಲ್ಲ. ಎರಡು ತಿಂಗಳು ಕಾಯಿಸುವುದೂ ಉಂಟು. ದಿನಾ ನೀರು ಹಾಕುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ನೀರು ಕುಡಿಯಲು ಎಲೆಯೂ ಇಲ್ಲ, ಬೇರೂ ಇಲ್ಲ, ಹಾಗಾಗಿ ಹಾಕಿದ್ದೆಲ್ಲ ಮಣ್ಣಲ್ಲೇ ನಿಂತು ಗೆಡ್ಡೆ ಕೊಳೆಯುತ್ತದೆ. ಮಣ್ಣಿಗೆ ಮರಳು ಬೆರೆಸಿ, ಗೆಡ್ಡೆಯನ್ನು ಅಡ್ಡ ಮಲಗಿಸಿ, ಎರಡು ಮೂರು ಇಂಚು ಆಳದಲ್ಲಿಟ್ಟರೆ ಸಾಕು. ಮತ್ತೆ ಕೆದಕಬೇಡಿ, ದಯವಿಟ್ಟು. ಎಳೆ ಮೊಳಕೆಗೆ ಬೆರಳು ತಗುಲಿದರೂ ಪಟ್ಟನೆ ಮುರಿಯುತ್ತದೆ.

ಪ್ರಶ್ನೆ: ಬಳ್ಳಿ ಸೊಂಪಾಗಿದೆ, ಹೂವೇ ಇಲ್ಲ. ಬೀಜದಿಂದ ಬೆಳೆಸಿದ್ದು, ಎರಡನೇ ವರ್ಷ.

ಉತ್ತರ: ಇನ್ನೂ ಚಿಕ್ಕದು ಅಷ್ಟೇ. ಬೀಜದ ಗಿಡ ಹೂ ಬಿಡಲು ಸಾಮಾನ್ಯವಾಗಿ 3–4 ವರ್ಷ ಬೇಕು, ಗೆಡ್ಡೆ ಮೊದಲು ದಪ್ಪವಾಗಬೇಕಲ್ವಾ! ಸಾರಜನಕ ಜಾಸ್ತಿ ಇರುವ ಗೊಬ್ಬರ ಕೊಟ್ಟರೆ ಎಲೆಯೇ ಹೆಚ್ಚುತ್ತದೆ. ಬಿಸಿಲು ಚೆನ್ನಾಗಿ ಬೀಳಲಿ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವ ಬಳ್ಳಿ ಇದು, ದಪ್ಪ ಕಂಬವನ್ನು ಆ ಪುಟ್ಟ ಸುರುಳಿ ಸುತ್ತಲಾರದು, ತೆಳು ಕಡ್ಡಿ ಅಥವಾ ದಾರ ಕಟ್ಟಿ.

ಪ್ರಶ್ನೆ: ಹೂ ಮುಗಿದ ಮೇಲೆ ಬಳ್ಳಿಯೆಲ್ಲ ಹಳದಿಯಾಗಿ ಒಣಗುತ್ತಿದೆ. ರೋಗವೇ?

ಉತ್ತರ: ಅಲ್ಲ, ನಿದ್ದೆಗೆ ಹೊರಟಿದೆ. ನೀರು ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿ. ಹಸಿರು ಇರುವಾಗ ಕತ್ತರಿಸಬೇಡಿ, ಹಳೇ ಗೆಡ್ಡೆ ಸೊರಗಿ ಅದರ ಜಾಗದಲ್ಲಿ ಹೊಸದು ತುಂಬಿಕೊಳ್ಳುವುದು ಆ ಎಲೆಗಳ ದುಡಿಮೆಯಿಂದಲೇ. ಪೂರ್ತಿ ಒಣಗಿದ ಮೇಲೆ ಕುಂಡವನ್ನು ಮಳೆ ತಾಗದ ಕಡೆ ಇಟ್ಟು, ಮೇಲೆ ಹೆಸರು ಬರೆದಿಡಿ. ಸುಮ್ನೆ ಖಾಲಿ ಮಣ್ಣು ಅಂದುಕೊಂಡು ಯಾರಾದರೂ ಸುರಿದುಬಿಟ್ಟಾರು.

ಪ್ರಶ್ನೆ: ಮನೆಯಲ್ಲಿ ಒಂದು ವರ್ಷದ ಮಗುವಿದೆ. ಇದು ವಿಷ ಅನ್ನುತ್ತಾರೆ, ನಿಜವೇ?

ಉತ್ತರ: ನಿಜ, ಪ್ರಾಣ ತೆಗೆಯುವ ವಿಷ. ಗಿಡದ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷವಸ್ತು ಇದೆ, ಗೆಡ್ಡೆ ಬೀಜಗಳಲ್ಲಂತೂ ಜಾಸ್ತಿ. ಗೆಡ್ಡೆ ನೋಡಲು ಗೆಣಸಿನ ಹಾಗಿರುವುದರಿಂದ ದೊಡ್ಡವರೇ ಮೋಸಹೋಗಿ ತಿಂದದ್ದಿದೆ. ಅಡುಗೆಮನೆಯ ಹತ್ತಿರವೂ ಇಡಬೇಡಿ, ಕೈಗವಸು ಹಾಕಿಯೇ ಮುಟ್ಟಿ. ಯಾರಾದರೂ ತಿಂದರೆ ವಾಂತಿ ಭೇದಿ ಶುರುವಾಗುವವರೆಗೆ ಕಾಯುವುದು ತಪ್ಪು, ಅದು ಶುರುವಾಗಲು ಕೆಲವು ಗಂಟೆ ಹಿಡಿಯುತ್ತದೆ. ಗಿಡದ ತುಂಡನ್ನೂ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ. ನಿಮ್ಮ ಮಗುವಿನದು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು. ನನಗೆ ಈ ಹೂವೆಂದರೆ ಪ್ರಾಣ, ಆದರೂ ನಿಮಗೆ ಈಗ ಬೇಡ ಅಂತಲೇ ಹೇಳುತ್ತೇನೆ. ಮಕ್ಕಳಿಲ್ಲದ ಮನೆಯವರಿಗೆ ಗೆಡ್ಡೆ ಕೊಟ್ಟುಬಿಡಿ, ವಿಷದ ವಿಚಾರ ಹೇಳಿಯೇ ಕೊಡಿ.